ಅಣ್ಣ ಬೆಳೆಯಲು ಹೊರಟದ್ದು

ನಮ್ಮಣ್ಣ ಮರುಳಸಿದ್ದಯ್ಯನಿಗೆ ಅರವತ್ತು ದಾಟಿದ ಮೇಲೆ ಬೆಳೆಯಬೇಕು ಅನ್ನಿಸಿತು. ಬುದ್ಧಿಯಲ್ಲಿ ಬೆಳೆಯುತ್ತೇನೆ ಅಂದಿದ್ದರೆ ನಾನೇ ಹರಕೆ ಹೊರುತ್ತಿದ್ದೆ. ಅವನು ಬೆಳೆಯಲು ಹೊರಟದ್ದು ಎತ್ತರದಲ್ಲಿ.

ನಮ್ಮೂರಿನಲ್ಲಿ ಎತ್ತರ ಕಳೆದುಕೊಂಡವರಿಗೆ ಮಾತಿಲ್ಲ. ಸಭಾಮನೆಯ ಮುಂದೆ ಕಲ್ಲಿನ ಗೆರೆಗಂಬಗಳ ಸಾಲು ಇದೆ. ಇಪ್ಪತ್ತೊಂದು ತುಂಬಿದ ದಿನ ಗಂಡಾಗಲಿ ಹೆಣ್ಣಾಗಲಿ ಅಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲಬೇಕು. ನೆತ್ತಿಯ ಮಟ್ಟಕ್ಕೆ ಉಳಿಯಲ್ಲಿ ಒಂದು ಗೆರೆ ಕೊರೆದು ಪಕ್ಕದಲ್ಲಿ ಹೆಸರು ಕೆತ್ತುತ್ತಾರೆ. ನಲವತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆ ಅಳತೆ. ನೆತ್ತಿ ತನ್ನ ಗೆರೆಯನ್ನು ಮುಟ್ಟಿದವರು ಸಭೆಯ ಒಳಗೆ ಕೂತು ಮಾತಾಡಬಹುದು, ಕೈ ಎತ್ತಬಹುದು. ಮುಟ್ಟದವರು ಹೊರಗೆ ಜಗಲಿಯ ಮೇಲೆ ಕೂತು ಕೇಳಿಸಿಕೊಳ್ಳಬಹುದು, ಅಷ್ಟೆ.

ಮನುಷ್ಯ ಬೆಳಗ್ಗೆ ಎದ್ದಾಗ ಸಂಜೆಗಿಂತ ಚೂರು ಉದ್ದ ಇರುತ್ತಾನೆ. ಹಾಗಾಗಿ ಅಳತೆಯ ದಿನ ಬೆಳಗ್ಗೆ ನಮ್ಮ ಬೀದಿಗಳಲ್ಲಿ ಮಂಚಗಳ ಮೆರವಣಿಗೆ. ಮಲಗಿದವರನ್ನು ಮಲಗಿದ ಹಾಗೇ ಹೊತ್ತು ತಂದು ಕಂಬದ ಬುಡದಲ್ಲಿ ಇಳಿಸುತ್ತಾರೆ. ದಾರಿಯುದ್ದಕ್ಕೂ "ಕುಲುಕಬೇಡ್ರಪ್ಪಾ, ಬೆನ್ನು ಕುಸಿಯುತ್ತೆ" ಅನ್ನುವ ಗೋಳು. ತಿಳಿದ ಅಜ್ಜಿಯರು ಮೊಮ್ಮಕ್ಕಳಿಗೆ ಗೆರೆ ಕೊರೆಸುವಾಗಲೇ ಕಿವಿಯಲ್ಲಿ ಹೇಳಿ ಕಳಿಸುತ್ತಾರೆ, ಮೊಣಕಾಲು ಸ್ವಲ್ಪ ಬಗ್ಗಿಸಿ ನಿಲ್ಲು ಅಂತ. ನನಗೆ ಯಾರೂ ಹೇಳಿರಲಿಲ್ಲ. ಅಷ್ಟು ಜನ ಗಂಡಸರು ನೋಡುತ್ತಿದ್ದಾರೆ ಎಂಬ ನಾಚಿಕೆಗೆ ನಾನೇ ಕುಗ್ಗಿ ನಿಂತಿದ್ದೆ, ನನ್ನ ಗೆರೆ ನನ್ನ ಹುಬ್ಬಿನ ಹತ್ತಿರ ಇದೆ. ಅಣ್ಣನೋ, ಎದೆ ಉಬ್ಬಿಸಿ, ಉಸಿರು ಬಿಗಿಹಿಡಿದು, ಹಿಮ್ಮಡಿಯನ್ನೂ ಎತ್ತಿದ್ದನೆಂದೇ ನನ್ನ ಗುಮಾನಿ. ಆ ಕಂಬದಲ್ಲಿ ಅವನ ಗೆರೆಯೇ ಎಲ್ಲಕ್ಕಿಂತ ಮೇಲೆ. ಆ ಒಂದು ಗಳಿಗೆಯ ಜಂಭಕ್ಕೆ ಅವನು ಜೀವಮಾನವಿಡೀ ಬೆನ್ನು ನೆಟ್ಟಗೆ ಮಾಡಿಕೊಂಡು ಓಡಾಡಬೇಕಾಯಿತು.

ನಾನು ದಾಕ್ಷಾಯಿಣಿ. ಕೆಳಪೇಟೆಯಲ್ಲಿ ಒಂದು ಊಟದ ಮೆಸ್ ನಡೆಸುತ್ತೇನೆ. ಅಣ್ಣನ ಹೆಂಡತಿ ತೀರಿಕೊಂಡ ಮೇಲೆ ಅವನೂ ನನ್ನ ಜೊತೆಗೇ ಇದ್ದಾನೆ. ಹೆಸರಿಗೆ ಅವನು ಬಡಿಸಬೇಕು, ನಾನು ಬೇಯಿಸಬೇಕು. ನಿಜದಲ್ಲಿ ಎರಡೂ ನಾನೇ, ಯಾಕೆಂದರೆ ಅವನಿಗೆ ಮಾತು ಮುಗಿಯುವುದಿಲ್ಲ. ಒಂದು ಮಾತಂತೂ ಒಪ್ಪಬೇಕು. ಸಭೆಯಲ್ಲಿ ಕೆಳಪೇಟೆಯ ಪರವಾಗಿ ಬಾಯಿ ಬಿಡುವವನು ಅವನೊಬ್ಬನೇ. ನಮಗೂ ಮೇಲುಪೇಟೆಗೂ ನಡುವೆ ನಾಲೆ ಹರಿಯುತ್ತದೆ. ಶಾಲೆ, ಆಸ್ಪತ್ರೆ, ಸಂತೆ ಎಲ್ಲ ಆಚೆ. ದಾಟುವುದಕ್ಕೆ ಎರಡು ತೆಂಗಿನ ದಿಮ್ಮಿ ಹಾಕಿದ್ದಾರೆ, ಅದಕ್ಕೇ ಸೇತುವೆ ಅನ್ನುತ್ತಾರೆ. ಹೋದ ಮಳೆಗಾಲ ಹೂವಿನ ಶಿವಗಂಗಮ್ಮ ಬುಟ್ಟಿಯ ಸಮೇತ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಈಗ ಹಾಸಿಗೆಯ ಮೇಲೆ ಕೂತೇ ಹೂ ಕಟ್ಟುತ್ತಾಳೆ. ಅಣ್ಣ ಆ ಸೇತುವೆಗಾಗಿ ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದ. ಈ ವರ್ಷ ಕೊನೆಗೂ ಸಭೆ ಆ ವಿಷಯ ಎತ್ತಿಕೊಳ್ಳುವುದಾಗಿ ಹೇಳಿತ್ತು.

ಅಂಥ ಹೊತ್ತಿನಲ್ಲಿ ಅವನು ಕುಗ್ಗುತ್ತಿದ್ದ. ಹಿಂದಿನ ಅಳತೆಯಲ್ಲೇ ಅವನ ನೆತ್ತಿಗೂ ಗೆರೆಗೂ ನಡುವೆ ಬೆಳಕು ಕಾಣುವ ಹಾಗಿತ್ತು. ಅಳತೆಯ ಹಾಲೇಶಪ್ಪ ಮುಖ ನೋಡಿ ದಾಟಿಸಿದ್ದ. "ಮುಂದಿನ ಸಲ ನನ್ ಕೈಲಾಗಲ್ಲ ಸಿದ್ದಯ್ಯನೋರೆ" ಅಂತ ಮೆಲ್ಲಗೆ ಹೇಳಿಯೂ ಇದ್ದ.

ಮೇಲುಪೇಟೆಯಲ್ಲಿ ತಾಲೀಮು ಮನೆ ಇಟ್ಟಿರುವ ಜಯಂತ ಎಂಬವನು ಆ ಸುಮಾರಿಗೆ ಒಂದು ಮಾತ್ರೆ ಹಂಚತೊಡಗಿದ್ದ. ಊರವರು ಅದಕ್ಕೆ ಎಬ್ಬಿಸೋ ಮಾತ್ರೆ ಎಂದು ಹೆಸರಿಟ್ಟರು. ಒಳಗೆ ನಿದ್ದೆ ಹೋಗಿರುವ ಬೆಳವಣಿಗೆಯನ್ನು ಅದು ಎಬ್ಬಿಸುತ್ತದಂತೆ. ಅಣ್ಣ ಒಂದು ಡಬ್ಬಿ ತಂದು ದೇವರ ಗೂಡಿನಲ್ಲಿ, ವಿಭೂತಿಯ ಪಕ್ಕ ಇಟ್ಟ.

"ಏನಿದು?" ಅಂದೆ.

"ಇದು ಹೊರಗಿಂದ ಏನೂ ತುಂಬಲ್ಲ ದಾಕ್ಷಿ. ನಮ್ಮ ಮೈಯಲ್ಲಿರೋದನ್ನೇ ಹೊರಡಿಸೋದು. ನಮ್ಮದೇ ಸರಕು. ತೊಂದರೆ ಎಲ್ಲಿಂದ ಬರುತ್ತೆ?"

"ಪಿತ್ತವೂ ನಮ್ಮ ಮೈಯಲ್ಲೇ ಇರೋದು. ಅದನ್ನೂ ಹೊರಡಿಸ್ಕೋತೀಯಾ?"

ಅವನು ಡಬ್ಬಿಯ ಮುಚ್ಚಳ ತೆಗೆದು ಮಾತ್ರೆ ಎಣಿಸತೊಡಗಿದ. ಸಭೆಯಲ್ಲಿ ಇವನನ್ನು ಸುಮ್ಮನಾಗಿಸಲು ದೊಡ್ಡದೊಡ್ಡವರೇ ಹೆಣಗುತ್ತಾರೆ. ಮನೆಯಲ್ಲಿ ಮಾತ್ರ ತನಗೆ ಬೇಡದ ಮಾತು ಬಂದ ಕೂಡಲೇ ಕಿವಿ ಮುಚ್ಚಿಹೋಗುತ್ತದೆ.

ಮೊದಮೊದಲು ಎಲ್ಲವೂ ಅವನ ಪರವಾಗಿಯೇ ನಡೆಯಿತು. ವರ್ಷಗಳಿಂದ ರಾತ್ರಿ ನಡುವೆ ನಾಲ್ಕಾರು ಸಲ ಎದ್ದು ಓಡಾಡುತ್ತಿದ್ದವನು ಮಗುವಿನ ಹಾಗೆ ನಿದ್ದೆ ಹೊಡೆದ. ತೋಳು ತುಂಬಿಕೊಂಡಿತು. ಗುಳಿಬಿದ್ದಿದ್ದ ಕೆನ್ನೆ ಮೇಲೆದ್ದಿತು. ಅಂಗಿಯ ತೋಳು ಮಡಚಿ ಊಟಕ್ಕೆ ಬಂದವರಿಗೆಲ್ಲ ತೋರಿಸುವುದೇ ತೋರಿಸುವುದು. ನನಗೂ ಒಂದು ಚಣ ಆಸೆಯಾದದ್ದು ಸುಳ್ಳಲ್ಲ. ಆದರೆ ಆ ಹಸಿವು. ಒಲೆಯಿಂದ ಮುದ್ದೆ ಇಳಿಸುವಷ್ಟರಲ್ಲಿ ಅಣ್ಣ ತಟ್ಟೆ ಹಿಡಿದು ನಿಂತಿರುತ್ತಿದ್ದ. ತಿಂದು ಕೈ ತೊಳೆದು, ತೊಳೆದ ಕೈ ಒರೆಸುವ ಮೊದಲೇ ಮತ್ತೆ ಅಡಿಗೆಮನೆಗೆ ಬರುತ್ತಿದ್ದ. ಬಂದವರಿಗೆ ಎಂದು ಮಾಡಿದ ಹುರುಳಿಕಾಳಿನ ಸಾರು ಅವನ ಹೊಟ್ಟೆ ಸೇರಿ, ಬಂದವರಿಗೆ ನಾನು ಮಜ್ಜಿಗೆ ಬಡಿಸಬೇಕಾಯಿತು.

"ಅಣ್ಣ, ಅದು ಪೋಸ್ಟಾಫೀಸಿನೋರಿಗೆ ಎತ್ತಿಟ್ಟಿದ್ದು."

"ಒಂದೇ ಒಂದು ಸೌಟು."

"ಪಾತ್ರೆ ತಳ ಕಾಣ್ತಿದೆ."

"ಬೆಳೆಯೋ ಮೈ ಕಣೆ. ಕೇಳುತ್ತೆ."

ಬೆಳೆಯೋ ಮೈ. ನಮ್ಮಮ್ಮ ಅವನಿಗೆ ಹತ್ತು ವರ್ಷವಾಗಿದ್ದಾಗ ಹೇಳುತ್ತಿದ್ದ ಮಾತು ಅದು. ಅದನ್ನೇ ನರೆತ ಮೀಸೆಯ ಕೆಳಗಿನಿಂದ ಕೇಳುವಾಗ ಸೌಟನ್ನು ಎಲ್ಲಿಗೆ ಎಸೆಯಲಿ ಅನ್ನಿಸುತ್ತಿತ್ತು.

ಆಮೇಲೆ ಉಂಗುರ ಬೆರಳಿನಲ್ಲಿ ಸಿಕ್ಕಿಕೊಂಡಿತು. ಸೋಪು ಹಚ್ಚಿ, ಎಣ್ಣೆ ಹಚ್ಚಿ, ಕೊನೆಗೆ ಅಕ್ಕಸಾಲಿಗರ ಹತ್ತಿರ ಹೋಗಿ ಕತ್ತರಿಸಬೇಕಾಯಿತು. ಅತ್ತಿಗೆ ಹಾಕಿದ ಉಂಗುರ ಅದು. ಎರಡು ತುಂಡನ್ನೂ ಅಂಗೈಯಲ್ಲಿಟ್ಟುಕೊಂಡು ಅವನು ಪೆಚ್ಚಾಗಿ ಕೂತಿದ್ದ. ಇನ್ನೇನು ಬುದ್ಧಿ ಬಂತು ಅಂದುಕೊಂಡೆ. ಏನಂದ ಗೊತ್ತೇ? "ಬೆರಳು ಬೆಳೆದಿದೆ ಅಂದ್ರೆ ಉಳಿದದ್ದೂ ಬೆಳೀತಿದೆ ಅಂತಾಯ್ತು." ಚಪ್ಪಲಿಯ ಪಟ್ಟಿಯೊಳಗೆ ಪಾದ ಹಿಡಿಸಲಿಲ್ಲ. ಬೆರಳುಗಳಲ್ಲಿ ಜೋಮು ಶುರುವಾಯಿತು. ಲೋಟ ಹಿಡಿದರೆ ಹಿಡಿದದ್ದೇ ತಿಳಿಯದೆ ಕೈಬಿಟ್ಟುಬಿಡುತ್ತಿದ್ದ. ಅಪರೂಪಕ್ಕೆ ಬಡಿಸಲು ಹೋಗಿ ಒಬ್ಬರ ತೊಡೆಯ ಮೇಲೆ ಬಿಸಿ ಸಾರು ಚೆಲ್ಲಿ, ಆ ಮನುಷ್ಯ ಆಮೇಲೆ ನಮ್ಮ ಮೆಸ್ಸಿನ ಕಡೆ ತಲೆ ಹಾಕಲಿಲ್ಲ. ಅವನು ಹೋಗಿಬಂದ ಬಚ್ಚಲಿನಲ್ಲಿ ಇರುವೆ ಸಾಲುಗಟ್ಟಿದ ದಿನ ನಾನು ಒಲೆ ಆರಿಸಿ ಅವನ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಅಲ್ಲಿನ ಮೆಹರುನ್ನೀಸಾ ಡಾಕ್ಟರಮ್ಮ ಮಿತಭಾಷಿ. ಮಾತ್ರೆಯ ಡಬ್ಬಿ ತಿರುಗಿಸಿ ನೋಡಿದರು, ರಕ್ತ ತೆಗೆಸಿದರು, ಎದೆಗೆ ಸ್ಟೆತಸ್ಕೋಪು ಇಟ್ಟು ತುಂಬ ಹೊತ್ತು ಕೇಳಿದರು.

"ತಲೆಬುರುಡೆಯ ತಳದಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ ಸಿದ್ದಯ್ಯನೋರೆ. ಈ ಮಾತ್ರೆ ಹೋಗಿ ಅದರ ಬಾಗಿಲು ಬಡಿಯುತ್ತೆ, ಬೆಳವಣಿಗೆ ಹಾರ್ಮೋನು ಬಿಡು ಅಂತ. ಹೊಟ್ಟೆ ಹಸಿದಾಗ ನಮ್ಮ ಮೈ ಯಾವ ರಸದ ಕೈಲಿ ಹೇಳಿಕಳಿಸುತ್ತೋ ಅದರ ವೇಷ ಹಾಕ್ಕೊಂಡು ಹೋಗೋದು ಇದು. ಅದಕ್ಕೇ ನಿಮಗೆ ಈ ಹಸಿವು."

"ಹಾರ್ಮೋನು ಬಂದಿದೆಯೋ ಇಲ್ವೋ?" ಅಣ್ಣನಿಗೆ ಅಷ್ಟೇ ಬೇಕಾಗಿತ್ತು.

"ಬಂದಿದೆ. ಆದ್ರೆ ಅದು ಬಂದು ಮಾಡೋದೇನು? ಎಲುಬಿನ ತುದಿಗಳು ಇಪ್ಪತ್ತರ ಸುಮಾರಿಗೇ ಮುಚ್ಚಿಹೋಗಿವೆ. ಇನ್ನು ಏನು ಮಾಡಿದ್ರೂ ಉದ್ದ ಆಗಲ್ಲ. ಮೆತ್ತಗಿರೋ ಕಡೆಯೆಲ್ಲ ನೀರು ನಿಂತು ಊದಿಕೊಂಡಿದೆ. ಮಣಿಕಟ್ಟಿನಲ್ಲಿ ನರ ಒತ್ತಿದೆ, ಅದಕ್ಕೆ ಜೋಮು. ಸಕ್ಕರೆ ಏರಿದೆ."

"ಮಾಂಸ ತುಂಬಿದೆಯಲ್ಲ ಡಾಕ್ಟ್ರಮ್ಮ. ನೋಡಿ ಈ ತೋಳು."

"ತುಂಬಿದೆ. ಎಲ್ಲಿ, ಕೈ ಊರದೆ ಆ ಕುರ್ಚಿಯಿಂದ ಏಳಿ ನೋಡೋಣ."

ಅವನು ಏಳಲು ಹೋದ. ಅರ್ಧಕ್ಕೆ ಬಂದು ಮತ್ತೆ ಕೂತ. ಇನ್ನೊಮ್ಮೆ ನೋಡಿ, ಕೊನೆಗೆ ನನ್ನ ಭುಜ ಹಿಡಿದ. ಡಾಕ್ಟರಮ್ಮ ನನ್ನ ಕಡೆ ತಿರುಗಿ ಹೇಳಿದರು: "ನನಗೆ ಭಯ ಇರೋದು ಹೃದಯದ್ದು. ಈ ವಯಸ್ಸಲ್ಲಿ ಇಷ್ಟು ನೀರು ತಡ್ಕೊಳ್ಳೋ ಶಕ್ತಿ ಎಲ್ಲರ ಹೃದಯಕ್ಕೂ ಇರಲ್ಲ. ಇವತ್ತೇ ನಿಲ್ಲಿಸಿ."

ಅವನು ಆಗಲಿ ಅಂದ. ನನ್ನೆದುರಿಗೇ, ಡಾಕ್ಟರಮ್ಮನ ಎದುರಿಗೇ, ತಲೆಯಾಡಿಸಿ ಆಗಲಿ ಅಂದ. ಮನೆಗೆ ಬಂದು ದೇವರ ಗೂಡಿಗೆ ಕೈ ಹಾಕಿದ. ಡಬ್ಬಿಯನ್ನು ನಾನು ಕಿತ್ತು ಒಲೆಗೆ ಹಾಕಿದರೆ ಇನ್ನೊಂದು ತಂದ. ಅದನ್ನು ನಾಲೆಗೆ ಎಸೆದೆ. ಮತ್ತೊಂದು ಬಂತು, ಅದನ್ನು ಎಲ್ಲಿ ಇಡುತ್ತಿದ್ದ ಎಂಬುದು ನನಗೆ ಗೊತ್ತಾಗಲೇ ಇಲ್ಲ.

ಅಳತೆಯ ಬೆಳಗ್ಗೆ ಮಂಚದ ಮೇಲೆ ಹೊರಟ ಅವನನ್ನು ನೋಡಿದರೆ ನಗು ಬರುವ ಹಾಗಿತ್ತು, ನನಗೆ ಮಾತ್ರ ಬರಲಿಲ್ಲ. ಪಾದಗಳು ಹಲಸಿನಕಾಯಿಯ ಹಾಗೆ ಊದಿದ್ದವು. ಕಂಬಕ್ಕೆ ಒರಗಿ ನಿಂತ. ಹಾಲೇಶಪ್ಪ ನೆತ್ತಿಯ ಮೇಲೆ ಹಲಗೆ ಇಟ್ಟು ಬಗ್ಗಿ ನೋಡಿದ. ಹಲಗೆ ಗೆರೆಯನ್ನು ಮುಟ್ಟಿತ್ತು. ಅವನಿಗೇ ನಂಬಿಕೆ ಬರಲಿಲ್ಲ. ಕೆಳಗೆ ಕೂತು ಅಣ್ಣನ ಪಾದವನ್ನು ಹೆಬ್ಬೆರಳಿನಿಂದ ಒತ್ತಿದ. ಒತ್ತಿದ ಜಾಗದಲ್ಲಿ ಗುಳಿ ಬಿದ್ದು ಹಾಗೇ ಉಳಿಯಿತು. ಅಣ್ಣ ತನ್ನದೇ ಅಂಗಾಲಿನ ನೀರಿನ ಮೇಲೆ ನಿಂತಿದ್ದ.

"ಇದು ಎತ್ತರ ಅಲ್ಲ, ಊತ" ಅಂದೆ ನಾನು.

"ನೆತ್ತಿ ಗೆರೆ ಮುಟ್ಟಿದೆಯೋ ಇಲ್ವೋ, ಅಷ್ಟೇ ನನ್ನ ಕೆಲಸ ದಾಕ್ಷಾಯಿಣಮ್ಮ. ಪಾದದ ವಿಷಯ ಯಾರೂ ಹೇಳಿಲ್ಲ" ಅಂದ ಹಾಲೇಶಪ್ಪ.

ಕೆಳಪೇಟೆಯವರು ಅಣ್ಣನಿಗೆ ಹಾರ ಹಾಕಿದರು. ನಾನು ಮನೆಗೆ ಬಂದು ಪಾತ್ರೆಗಳ ಮೇಲೆ ಕೋಪ ತೀರಿಸಿಕೊಂಡೆ.

ಆ ತಿಂಗಳ ಸಭೆಯಲ್ಲಿ ಸೇತುವೆಯ ವಿಷಯ ಬಂತು. ಅಣ್ಣ ಎದ್ದು ನಿಂತು ಚೆನ್ನಾಗಿಯೇ ಶುರು ಮಾಡಿದ. ಶಿವಗಂಗಮ್ಮ ಬಿದ್ದ ಕತೆಗೆ ಬರುವಷ್ಟರಲ್ಲಿ ಉಸಿರು ಸಿಕ್ಕಿಕೊಂಡಿತು. ಬಾಯಿ ತೆರೆದಿದೆ, ಮಾತಿಲ್ಲ. ಮುಂದಿನ ಬೆಂಚು ಹಿಡಿದು ಕೂತುಬಿಟ್ಟ. ಅಧ್ಯಕ್ಷ ತಿಪ್ಪೇರುದ್ರಪ್ಪ ಒಳ್ಳೆಯ ಮನುಷ್ಯ, "ಮುಂದಿನ ಸಭೆಯಲ್ಲಿ ಪೂರ್ತಿ ಮಾಡಿ" ಅಂತ ಮುಂದಕ್ಕೆ ಹಾಕಿದರು.

ಆ ಒಂದು ತಿಂಗಳು ಹೇಗೆ ಕಳೆಯಿತೋ. ಅಣ್ಣನಿಗೆ ಮಲಗಲು ಆಗುತ್ತಿರಲಿಲ್ಲ. ಬೆನ್ನು ಹಾಸಿಗೆಗೆ ತಾಗಿದರೆ ನೀರಿನಲ್ಲಿ ಮುಳುಗಿದ ಹಾಗಾಗುತ್ತದೆ ಅನ್ನುತ್ತಿದ್ದ. ಮೆಸ್ಸಿನ ಕುರ್ಚಿಯಲ್ಲೇ ಕೂತು, ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ. ಡಾಕ್ಟರಮ್ಮ ಮನೆಗೇ ಬಂದು ನೋಡಿ, ಹೊಸ್ತಿಲು ದಾಟುವಾಗ ನನ್ನ ಕೈ ಹಿಡಿದು, "ಮಾತ್ರೆ ನಿಲ್ಲದೆ ನನ್ನ ಔಷಧಿ ಏನೂ ಮಾಡಲ್ಲ. ತಡ ಆದರೆ ನನ್ನ ಕರೀಬೇಡಿ" ಅಂದರು. ಸಿಟ್ಟಿನಿಂದ ಅಂದದ್ದಲ್ಲ. ಅದಕ್ಕೇ ನಾನು ನೆಟ್ಟಗೆ ಅಣ್ಣನ ಕುರ್ಚಿಯ ಹತ್ತಿರ ಹೋದೆ.

"ಅಣ್ಣ, ಸಾಯ್ತೀಯ" ಅಂದೆ.

"ಒಂದು ಸಭೆ. ಸೇತುವೆ ಆಗಿಬಿಡ್ಲಿ. ಆಮೇಲೆ ನೀನು ಹೇಳಿದ ಹಾಗೆ."

"ಆಮೇಲೆ ಶಾಲೆಗೆ ನೀರು ಅಂತೀಯ. ಅದಾದ ಮೇಲೆ ಇನ್ನೊಂದು."

"ನಾನು ಜಗಲೀಲಿ ಕೂತರೆ ಈ ಬೀದಿಗೆ ಯಾರಿದ್ದಾರೆ ಹೇಳು. ಒಬ್ಬರ ಹೆಸರು ಹೇಳು, ಈಗಲೇ ನಿಲ್ಲಿಸ್ತೀನಿ."

ನನ್ನ ಬಾಯಿಗೆ ಒಂದು ಹೆಸರೂ ಬರಲಿಲ್ಲ. ಅವನ ಮೇಲಿನ ಸಿಟ್ಟಿನ ಜೊತೆಗೆ ಅವತ್ತು ಇಡೀ ಕೆಳಪೇಟೆಯ ಮೇಲೆ ಸಿಟ್ಟು ಬಂತು. ಹಾರ ಹಾಕಲು ಅಷ್ಟು ಕೈಗಳಿದ್ದವಲ್ಲ.

ನಮ್ಮ ಸಭೆಯಲ್ಲಿ ಮರುಅಳತೆ ಅಂತ ಒಂದಿದೆ. ಯಾರ ಮೇಲಾದರೂ ಅನುಮಾನ ಬಂದರೆ ಸಭೆ ನಡೆಯುವಾಗಲೇ ಎದ್ದು ಕೇಳಬಹುದು. ಆದರೆ ಯಾರೂ ಕೇಳುವುದಿಲ್ಲ. ಸಭೆ ಸೇರುವುದು ಸಂಜೆ. ಸಂಜೆಯ ಹೊತ್ತಿಗೆ ಎಲ್ಲರ ಬೆನ್ನೂ ಕುಸಿದಿರುತ್ತದೆ. ಒಬ್ಬರನ್ನು ಕೇಳಿದರೆ ಅವರು ಇನ್ನೊಬ್ಬರನ್ನು ಕೇಳಿ, ಅರ್ಧ ಸಭೆ ಜಗಲಿಗೆ ಬರಬೇಕಾಗುತ್ತದೆ. ಹಾಗಾಗಿ ಅದನ್ನು ಕೇಳುವುದೆಂದರೆ ನಾಲ್ಕು ಜನರ ಮುಂದೆ ಒಬ್ಬರ ಪಂಚೆ ಎಳೆದಂತೆ. ನಾನು ಹುಟ್ಟಿದ ಮೇಲೆ ಯಾರೂ ಕೇಳಿದ್ದನ್ನು ಕಂಡಿಲ್ಲ.

ಮುಂದಿನ ಸಭೆಯಲ್ಲಿ ಅಣ್ಣ ಮಾತಿಗೆ ಏಳುವ ಮೊದಲೇ ನಾನು ಎದ್ದೆ. ಹೆಂಗಸರ ಸಾಲಿನ ಹಿಂಬದಿಯಲ್ಲಿ ಕೂತಿದ್ದೆ. ತಿರುಗಿದ ಮುಖಗಳಿಗೆಲ್ಲ ಬೆರಗು. ಇವಳು ಸಭೆಯಲ್ಲಿ ಇಲ್ಲಿಯವರೆಗೆ ಕೆಮ್ಮಿದವಳೂ ಅಲ್ಲವಲ್ಲ ಅಂತ.

"ಮರುಳಸಿದ್ದಯ್ಯನೋರ ಮರುಅಳತೆ ಆಗಬೇಕು" ಅಂದೆ.

ತಿಪ್ಪೇರುದ್ರಪ್ಪನವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು, "ಏನಮ್ಮ ಇದು, ಒಡಹುಟ್ಟಿದೋರು ನೀವು" ಅಂದರು.

"ಹೌದು. ಅದಕ್ಕೇ ಕೇಳ್ತಿರೋದು."

ಅಣ್ಣ ನನ್ನನ್ನು ನೋಡಿದ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನೇ ನಿಧಾನಕ್ಕೆ ಎದ್ದು, ಬೆಂಚುಗಳನ್ನು ಹಿಡಿದು ಹಿಡಿದು ಬಾಗಿಲಾಚೆಯ ಕಂಬದವರೆಗೆ ಹೋದ. ಹಾಲೇಶಪ್ಪ ಹಲಗೆ ಇಟ್ಟ. ಅಷ್ಟು ಊದಿದ ಪಾದಗಳ ಮೇಲೆ ನಿಂತರೂ ನೆತ್ತಿ ಗೆರೆಯಿಂದ ಒಂದು ಬೆರಳು ಕೆಳಗಿತ್ತು. ಎಲ್ಲರೂ ಬಾಗಿಲಿಗೆ ಬಂದು ಕಂಡರು. ಅಣ್ಣ ಹೋಗಿ ಜಗಲಿಯ ಮೇಲೆ, ಮುದುಕರ ಸಾಲಿನ ತುದಿಯಲ್ಲಿ ಕೂತ.

"ಇನ್ನು ಸೇತುವೆ ವಿಷಯ. ಕೆಳಪೇಟೆಯಿಂದ ಯಾರು ಹೇಳ್ತೀರಿ?" ಅಂತ ಕೇಳಿದರು ಅಧ್ಯಕ್ಷರು.

ಕೆಳಪೇಟೆಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಸೇರಿ ನನ್ನ ಮುಖ ನೋಡಿದರು. ಒಬ್ಬ ಗೊಣಗಿದ್ದು ಕೇಳಿಸಿತು: "ಇಳಿಸಿದೋರೇ ಹೇಳ್ಲಿ."

ಸರಿ, ಹೇಳಿದೆ. ಅದನ್ನು ಭಾಷಣ ಅನ್ನಲಾಗುವುದಿಲ್ಲ. ಮೆಸ್ಸಿನಲ್ಲಿ ಅನ್ನ ಚೆಲ್ಲಿದವರನ್ನು ಹೇಗೆ ಗದರುತ್ತೇನೋ ಹಾಗೆ ಗದರಿದೆ. ನೀವು ಮೇಲುಪೇಟೆಯೋರು ನನ್ನ ಕೈ ಊಟ ಉಣ್ಣಲು ಆ ದಿಮ್ಮಿ ದಾಟಿ ಬರ್ತೀರಲ್ಲ, ಚಪ್ಪಲಿ ಕೈಲಿ ಹಿಡಿದು, ದೇವರ ಹೆಸರು ಹೇಳ್ಕೊಂಡು. ಬರುವಾಗ ಇರುವ ಭಯ ಉಂಡ ಮೇಲೆ ಎಲ್ಲಿ ಹೋಗುತ್ತೆ ಅಂತ ಕೇಳಿದೆ. ಶಿವಗಂಗಮ್ಮನ ಹೂವು ಮುಡಿದೇ ಇಲ್ಲಿ ಕೂತಿರೋ ಹೆಂಗಸರು ಒಮ್ಮೆ ಹೋಗಿ ಅವಳ ಹಾಸಿಗೆ ನೋಡಿ ಅಂದೆ. ಒಂದು ಸೇತುವೆ ಕೇಳೋದಕ್ಕೆ ಒಬ್ಬ ಮನುಷ್ಯ ಅಂಗಾಲಲ್ಲಿ ನೀರು ತುಂಬ್ಕೊಂಡು ಬರಬೇಕಾ, ನಿಮಗೆಲ್ಲ ಅದು ಚೆನ್ನಾಗಿ ಕಾಣುತ್ತಾ ಅಂದೆ. ನಡುವೆ ಮಾತು ತಪ್ಪಿತು, ಹೇಳಿದ್ದನ್ನೇ ಹೇಳಿದೆ, ಪದ ಸಿಗದಾಗೆಲ್ಲ 'ಅದೇನೋ ಅಂತಾರಲ್ಲ' ಅಂದೆ. ಸಾಕಾಗಿ ಕೂತೆ. ಕೈಗಳು ಎದ್ದವು. ನನಗೆ ಎಣಿಸುವ ಧೈರ್ಯ ಬರಲಿಲ್ಲ. ಸಾಕಷ್ಟು ಎದ್ದಿವೆ ಅಂತ ಪಕ್ಕದವಳು ಹೇಳಿದಳು.

ಅವತ್ತಿನಿಂದ ಅಣ್ಣ ನನ್ನ ಜೊತೆ ಮಾತು ಬಿಟ್ಟ. ಮಾತ್ರೆಯನ್ನೂ ಬಿಟ್ಟ, ಇನ್ನು ಅದರಿಂದ ಆಗಬೇಕಾದ್ದೇನಿತ್ತು. ಡಾಕ್ಟರಮ್ಮ ನೀರಿಳಿಯಲು ಔಷಧಿ ಕೊಟ್ಟರು. ಊತ ಇಳಿಯಿತು. ಬೆರಳಿಗೆ ಸ್ಪರ್ಶ ಮರಳಿತು, ಪೂರ್ತಿ ಅಲ್ಲ. ಸಕ್ಕರೆ ಇಳಿಯಲು ಇನ್ನೂ ಸತಾಯಿಸುತ್ತಿದೆ. ತುಂಬಿದ್ದ ತೋಳು ಜೋತುಬಿದ್ದಿತು. ಹಾಸಿಗೆಯಲ್ಲಿ ಕಾಲು ಚಾಚಿ ಮಲಗಿದ ಮೊದಲ ದಿನ ನಾನು ಬಾಗಿಲ ಸಂದಿನಿಂದ ನೋಡಿ ಬಂದೆ. ಆದರೆ ಮಾತಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಾನೆ, ಏಳುತ್ತಾನೆ. ಉಪ್ಪು ಹೆಚ್ಚಾದರೂ ಹೇಳುವುದಿಲ್ಲ. ಬೇಕೆಂದೇ ಒಂದು ದಿನ ಉಪ್ಪು ಸುರಿದೆ, ಅದನ್ನೂ ಉಂಡ. ಡಾಕ್ಟರಮ್ಮನಿಗೆ ಗೊತ್ತಾಗಿ ನಾನೇ ಬೈಸಿಕೊಳ್ಳಬೇಕಾಯಿತು. ಉಳಿಸಿದ್ದಕ್ಕೆ ಇದು ಶಿಕ್ಷೆ. ಇಡೀ ಬೀದಿಯ ಜೊತೆ ಹರಟುವವನು ನನ್ನ ಮುಂದೆ ಮಾತ್ರ ಕಲ್ಲು.

ನಾಲೆಯ ಬಳಿ ಕೆಲಸ ಶುರುವಾಯಿತು. ಕಲ್ಲು ಬಂತು, ಗಾರೆಯವರು ಬಂದರು. ಅಣ್ಣ ಕೋಲೂರಿಕೊಂಡು ದಿನಾ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದ. ಒಂದು ಮಧ್ಯಾಹ್ನ ಮೆಸ್ಸು ಖಾಲಿಯಾದ ಮೇಲೆ ಬಂದು ಬೆಂಚಿನ ಮೇಲೆ ಕೂತ. ನಾನು ತಟ್ಟೆ ಇಟ್ಟು ತಿರುಗಿದೆ.

"ಕಂಬಿ ಇಲ್ಲ" ಅಂದ.

ಯಾರಿಗೆ ಹೇಳಿದ ಎಂದು ಸುತ್ತ ನೋಡಿದೆ. ಬೇರೆ ಯಾರೂ ಇರಲಿಲ್ಲ.

"ಸೇತುವೆಗೆ ಪಕ್ಕದ ಕಂಬಿ ಇಲ್ಲ. ಮೇಸ್ತ್ರೀನ ಕೇಳ್ದೆ. ಸಭೇಲಿ ಬರೀ ಸೇತುವೆ ಅಂತ ಆಗಿದೆ, ಕಂಬಿ ಮಾತು ಯಾರೂ ಎತ್ತಿಲ್ಲ ಅಂದ. ನೀನು ಎತ್ತಲಿಲ್ಲ."

"ನನಗೇನು ಗೊತ್ತು?"

"ಮಾತಾಡೋಕೆ ನಿಂತೋರಿಗೆ ಗೊತ್ತಿರಬೇಕು. ಶಿವಗಂಗಮ್ಮ ಬಿದ್ದದ್ದು ಕಂಬಿ ಇಲ್ಲದ್ದಕ್ಕೆ ತಾನೆ? ಅವಳ ಕತೆ ಹೇಳ್ದೆ, ಕಂಬಿ ಕೇಳಲಿಲ್ಲ. ಮತ್ತೆ ಆ 'ಅದೇನೋ ಅಂತಾರಲ್ಲ', ಎಷ್ಟು ಸಲ ಅಂದೆ? ಜಗಲೀಲಿ ಕೂತು ನನಗೆ ಮೈ ಪರಚಿಕೊಳ್ಳೋ ಹಾಗಾಯ್ತು. ತಡವರಿಸಿದಾಗ ಉಸಿರು ತಗೋಬೇಕು. ಕೇಳೋರು ಕಾಯ್ತಾರೆ."

ಇಷ್ಟು ದಿನ ಈ ಮನುಷ್ಯ ಬಾಯಿ ಮುಚ್ಚಿಕೊಂಡು ಇದನ್ನು ಜೋಡಿಸುತ್ತಿದ್ದ. ನಾನು ಸೌಟನ್ನು ಸಾರಿನ ಪಾತ್ರೆಯಲ್ಲೇ ಬಿಟ್ಟು ಅವನ ಕಡೆ ತಿರುಗಿದೆ.

"ಮುಂದಿನ ಸಭೆ ಯಾವಾಗ?" ಅಂದ.

"ಈ ಗುರುವಾರ."

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬೆಂಚಿನ ಒಂದು ಬದಿಗೆ ಜರುಗಿದ.

"ಕೂತ್ಕೋ. ಕಂಬಿ ಯಾಕೆ ಬೇಕು, ಹೇಳು ನೋಡೋಣ. ಮೊದಲಿಂದ."

ಪಾತ್ರೆ ತೊಳೆಯುವುದು ಇಡೀ ಬಾಕಿ ಇತ್ತು. ಸೆರಗಿಗೆ ಕೈ ಒರೆಸಿಕೊಂಡು ಕೂತೆ. ಬಾಯಿ ತೆರೆದು ಎರಡು ಮಾತು ಆಡಿದ್ದೆನೋ ಇಲ್ಲವೋ, "ಹಾಗಲ್ಲ" ಅಂದ ಅಣ್ಣ.